ಬಾಲಚಿಕ್ಕಿ ಮತ್ತು ಧಾರೆ ಸೀರೆಯ ಕೊಂಡಿ

1986ರ ಮಾರ್ಚ್ 14ರಂದು ಯುರೋಪಿನ ನೌಕೆಯೊಂದು ಹ್ಯಾಲಿ ಧೂಮಕೇತುವಿನ ತಿರುಳಿನಿಂದ ಸುಮಾರು ಆರುನೂರು ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅದೇ ವಾರ ಇಳಕಲ್ಲಿನಲ್ಲಿ ನನ್ನ ಆಯಿ, ಅಂದರೆ ತಾಯಿಯ ತಾಯಿ, ನನ್ನ ತಂಗಿಯ ಧಾರೆ ಸೀರೆಗೆ ಕೊಂಡಿ ಹಾಕುವುದಿಲ್ಲ ಎಂದಳು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಕಟ್ಟುವ ಉದ್ದೆಳೆ, ಬೇರೆ; ಸೆರಗಿನ ಹಾಸು ಬೇರೆ. ಎರಡರ ತುದಿಗಳನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಿದ ಮೇಲೆಯೇ ನೇಯ್ಗೆ. ಆ ಸಿಕ್ಕಿಸುವಿಕೆಯೇ ಕೊಂಡಿ. ನೇಯುವವನು ಸೋದರಮಾವ. ಆದರೆ ಮನೆಯ ಹೆಣ್ಣುಮಕ್ಕಳ ಧಾರೆ ಸೀರೆಗೆ ಆಯಿಯ ಕೈಯ ಕೊಂಡಿಯೇ ಆಗಬೇಕೆಂಬುದು ಪದ್ಧತಿ. ಎಂಬತ್ತು ದಾಟಿದ ಅವಳ ಕಣ್ಣು ಮಂಜಾಗಿತ್ತು. ಬೆರಳಿನಿಂದಲೇ ಎಳೆ ಹುಡುಕುತ್ತಿದ್ದಳು. ಮದುವೆ ಏಪ್ರಿಲ್ ಕೊನೆಗೆ, ಗಂಡಿನ ಊರು ಬಾದಾಮಿಯಲ್ಲಿ. ಮಗ್ಗದ ಬೇರೆ ಕೆಲಸದ ನಡುವೆ ನೇಯಲು ಮಾವನಿಗೆ ಇಪ್ಪತ್ತೈದು ದಿನ ಬೇಕಿತ್ತು. ಮಾರ್ಚ್ ಮುಗಿಯುವುದರೊಳಗೆ ಕೊಂಡಿ ಬೀಳದಿದ್ದರೆ ತಂಗಿ ಅಂಗಡಿಯ ಸೀರೆ ಉಟ್ಟು ಧಾರೆಗೆ ನಿಲ್ಲಬೇಕು.

ಆಯಿಯ ತಕರಾರು ಆಕಾಶದ ಬಗ್ಗೆ. 1910ರಲ್ಲಿ ಇದೇ ಬಾಲಚಿಕ್ಕಿ, ಅಂದರೆ ಧೂಮಕೇತು, ಬಂದಾಗ ಅವಳು ಆರೇಳು ವರ್ಷದ ಹುಡುಗಿ. ಅದು ಕಾಣಿಸುವಷ್ಟು ದಿನ ಅವಳ ತಾಯಿ ಹಾಸು ಮುಟ್ಟಿರಲಿಲ್ಲವಂತೆ. ಬಾಲಚಿಕ್ಕಿ ಇರುವಾಗ ಕೂಡಿಸಿದ್ದು ಕೂಡಿ ಉಳಿಯುವುದಿಲ್ಲ ಎಂಬ ನಂಬಿಕೆ.

ನಾನು ಆಗ ಬಾಗಲಕೋಟೆಯಲ್ಲಿ ದಿನಪತ್ರಿಕೆಯೊಂದರ ವರದಿಗಾರ. ಧೂಮಕೇತುವಿನ ಮೇಲೆ ಒಂದು ಬರಹವನ್ನೂ ಬರೆದಿದ್ದೆ. ಇಳಕಲ್ಲಿಗೆ ಹೋದಾಗ ತಂಗಿ ನನ್ನನ್ನು ಪಡಸಾಲೆಯಲ್ಲೇ ತಡೆದಳು.

“ಅಣ್ಣಾ, ಊರಿಗೆಲ್ಲ ತಿಳಿಸಿ ಬರೀತಿ. ಆಯಿಗೊಮ್ಮೆ ತಿಳಿಸಿ ಹೇಳು.”

ಪತ್ರಿಕೆ ಬಿಚ್ಚಿ ಆಯಿಗೆ ಓದಿ ಹೇಳಿದೆ. ಧೂಮಕೇತು ಎಂದರೆ ಧೂಳು ಕೂಡಿದ ಮಂಜಿನ ಗಡ್ಡೆ, ಬಿಸಿಲಿಗೆ ಆವಿಯಾಗುತ್ತದೆ, ಅದರ ಸುತ್ತ ಎಲೆಕ್ಟ್ರಾನ್ ಎಂಬ ಅತಿ ಸಣ್ಣ ವಿದ್ಯುತ್ ಕಣಗಳು ತುಂಬಿರುತ್ತವೆ, ಅವೆಲ್ಲ ಸೂರ್ಯನಿಂದ ಬೀಸುವ ಗಾಳಿಯಲ್ಲಿ ಬಂದವು. ಇದರಲ್ಲಿ ಶಕುನ ಅಪಶಕುನ ಏನೂ ಇಲ್ಲ ಎಂದೆ.

ಆಯಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. “ಎಲ್ಲಾ ಸೂರ್ಯಂದ? ಸೂರ್ಯ ದಿನಾ ಇರ್ತಾನ. ಮತ್ತ ಬಾಲಚಿಕ್ಕಿ ಬಂದಾಗಷ್ಟ ಯಾಕ ಹಿಂಗ?”

ನಾನು ಪತ್ರಿಕೆಯ ಸಾಲುಗಳ ಮೇಲೆ ಮತ್ತೆ ಕಣ್ಣಾಡಿಸಿದೆ.

“ಎಳಿ ಎಲ್ಲಿಂದ ಬಂತು ಅಂತ ಮೊದಲ ಕೇಳಬೇಕಲೇ. ನೇಕಾರರ ಮನಿ ಮೊಮ್ಮಗ ಇದ್ದಿ.”

ಮಾವ ಮಗ್ಗದ ಕುಣಿಯಲ್ಲಿ ಕುಳಿತೇ ನಕ್ಕ.

ಹುನಗುಂದದ ಮೇಲೆ ಹೋಗುವ ಬಸ್ಸಿನಲ್ಲಿ ಬಾಗಲಕೋಟೆಗೆ ಮರಳಿದೆ. ಮರುದಿನ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ್ದ ಉಪನ್ಯಾಸಕರ ಮನೆಗೆ ಹೋದೆ. ಅವರು ನನ್ನ ಬರಹ ಕತ್ತರಿಸಿ ಇಟ್ಟುಕೊಂಡಿದ್ದರು. ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು.

“ಇದಕ್ಕ ಅರ್ಧ ಮಾರ್ಕ್ ಕೊಡ್ತೇನ್ರಿ,” ಎಂದರು.

ಅವರು ವಿವರಿಸಿದ್ದು ಇಷ್ಟು. ಸೂರ್ಯನ ಗಾಳಿ ಎಲೆಕ್ಟ್ರಾನುಗಳನ್ನು ತರುವುದು ನಿಜ. ಆದರೆ ತಿರುಳಿನ ಹತ್ತಿರ ಇರುವವುಗಳಲ್ಲಿ ಹೆಚ್ಚಿನವು ಧೂಮಕೇತುವಿನವೇ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ ಅದರ ನೀರಾವಿಗೆ ಬಡಿದು ಎಲೆಕ್ಟ್ರಾನುಗಳನ್ನು ಕೀಳುತ್ತದೆ. ಜೋರಾಗಿ ಓಡುವ ಎಲೆಕ್ಟ್ರಾನುಗಳೂ ಆವಿಗೆ ಬಡಿದು ಇನ್ನಷ್ಟು ಬಿಡಿಸುತ್ತವೆ. ದೂರದಲ್ಲಿದ್ದಾಗ ಗಡ್ಡೆ ತಣ್ಣಗಿರುತ್ತದೆ, ಆವಿ ಇಲ್ಲ, ಆದ್ದರಿಂದ ಬಾಲವೂ ಇಲ್ಲ. ಆಯಿಯ ಪ್ರಶ್ನೆಗೆ ಉತ್ತರ ಅದೇ. ಯಾವ ಜಾಗದಲ್ಲಿ ಯಾವುದರ ಪಾಲು ಎಷ್ಟು ಎಂಬ ಲೆಕ್ಕ ಇನ್ನೂ ಆಗಬೇಕು ಎಂದರು.

ಪತ್ರಿಕೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು. ಮುಂದಿನ ಭಾನುವಾರ ಅದನ್ನು ಹಿಡಿದುಕೊಂಡು ಇಳಕಲ್ಲಿಗೆ ಹೋದೆ. ಆಯಿಗೆ ಮೊದಲು ಆಶ್ಚರ್ಯವಾದದ್ದು ಎಲೆಕ್ಟ್ರಾನಿನ ಬಗ್ಗೆ ಅಲ್ಲ.

“ನಿನ್ನ ತಪ್ಪು ನೀನ ಅಚ್ಚು ಹಾಕ್ಸಿದಿ?”

ಹೌದು ಎಂದೆ. ಉಳಿದದ್ದನ್ನು ನಿಧಾನವಾಗಿ ಹೇಳಿದೆ. ಅವಳು ಎರಡು ಸಲ ಹೇಳಿಸಿದಳು. ಆಮೇಲೆ ಬೆರಳು ಮಡಚಿ ಎಣಿಸುವವಳಂತೆ ಅಂದಳು: “ಒಡಲು ಬಾಲಚಿಕ್ಕಿದು, ಸೆರಗು ಸೂರ್ಯಂದು. ಅದ ಕೂಡಿಕೊಂಡು ಹೊಂಟೈತಿ. ನಾ ಒಬ್ಬಾಕಿ ಯಾಕ ಕೈ ಕಟ್ಟಿ ಕುಂಡರ್ಲಿ?”

ಪೂರ್ತಿ ಹಾಗಲ್ಲ, ಒಡಲು ಸೆರಗಿನಂತೆ ಅವು ಬೇರೆಬೇರೆ ಕಾಣುವುದಿಲ್ಲ, ಬೆರೆತಿರುತ್ತವೆ ಎಂದು ಹೇಳಲು ಬಾಯಿ ತೆರೆದೆ. ತಂಗಿ ನನ್ನ ಕಾಲು ತುಳಿದಳು.

ಆಯಿ ಕೈ ತೊಳೆದು ಬಂದು ಹಾಸಿನ ಮುಂದೆ ಕುಳಿತಳು. ತಂಗಿ ಎದುರು ಕುಳಿತು ಕೆಂಪು ಎಳೆಗಳನ್ನು ಒಂದೊಂದಾಗಿ ಮುಂದೆ ಹಿಡಿದಳು. ಮೊದಲ ದಿನ ಸಂಜೆಯ ತನಕ ಅರ್ಧ ಮುಗಿಯಿತು. ಮರುದಿನ ಮಧ್ಯಾಹ್ನ ಉಳಿದರ್ಧ. ಮದುವೆಗೆ ನಾಲ್ಕು ದಿನ ಇರುವಾಗ ಮಾವ ಸೀರೆಯನ್ನು ಮಗ್ಗದಿಂದ ಇಳಿಸಿದ.

1989ರ ಡಿಸೆಂಬರಿನಲ್ಲಿ ನಾನು ಬಾದಾಮಿಗೆ ಹೋದಾಗ ತಂಗಿ ಆ ಸೀರೆ ಉಟ್ಟಿದ್ದಳು. ಅಂಚಿನ ದಡಿ ಒಂದು ಕಡೆ ಸವೆದಿತ್ತು. ಕೊಂಡಿ ಒಂದೂ ಬಿಚ್ಚಿರಲಿಲ್ಲ.