ಮೇಜು ಬಡಿಯುವ ಮಿಕ್ಷಾ ಮಾಮ

ಬೆಳಗಿನ ಆರೂಕಾಲು. ಬುಡಾಪೆಸ್ಟಿನ ಎಂಟನೇ ವಾರ್ಡಿನ ಹಳೆಯ ವಠಾರವೊಂದರ ಹಿಂಬದಿಯಲ್ಲಿ ನಮ್ಮ ಯಹೂದಿ ಪ್ರಾರ್ಥನಾ ಮಂದಿರ. ಅದರ ಬಾಗಿಲಲ್ಲಿ ನಿಂತು ಮಿಕ್ಷಾ ಗ್ರೋಸ್ ಫೋನಿನಲ್ಲಿ ರೇಗುತ್ತಿದ್ದಾರೆ. "ಒಂಬತ್ತು ಜನ ಚಳೀಲಿ ನಿನ್ನ ದಾರಿ ಕಾಯ್ತಾ ಇದೀವಿ ಕಣಯ್ಯಾ ಟಿಬೊರ್! ಮನೆ ಚಪ್ಪಲೀಲೇ ಬಾ, ದೇವರೇನು ನಿನ್ನ ಕಾಲು ನೋಡಲ್ಲ." ಹತ್ತು ಗಂಡಸರು ಸೇರದೆ ಇಲ್ಲಿ ಸಾಮೂಹಿಕ ಪ್ರಾರ್ಥನೆ ಶುರುವಾಗುವುದಿಲ್ಲ. ಹತ್ತನೆಯವನನ್ನು ಹಾಸಿಗೆಯಿಂದ ಎಬ್ಬಿಸುವುದು, ಒಲೆ ಹೊತ್ತಿಸುವುದು, ಅರವತ್ತೆರಡು ಕುರ್ಚಿ ಒರೆಸುವುದು, ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಬಿಸಿ ಪೊಗಾಚ ಬನ್ನು ಹಂಚುವುದು, ಇದೆಲ್ಲ ಮಾಮನ ಮೂವತ್ತೊಂದು ವರ್ಷದ ಕೆಲಸ. ಈಗ ವಯಸ್ಸು ಎಪ್ಪತ್ತೆಂಟು.

ನನಗಂತೂ ಇವತ್ತು ನಿಂತಲ್ಲಿ ನಿಲ್ಲಲಾಗುತ್ತಿಲ್ಲ! ಭಾನುವಾರ ಸಂಜೆ ಇದೇ ಕೋಣೆಯಲ್ಲಿ ವೇರಾ ಸಾಂಟೊ ಬರೆದ ಹೊಸ ಸಂಗೀತ ಕೃತಿಯನ್ನು ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ ಮೊದಲ ಸಲ ನುಡಿಸಲಿವೆ. ಕೃತಿಯ ಜೀವವೆಲ್ಲ ಒಂದು ಧಾಟಿಯಲ್ಲಿದೆ. ಯೋಮ್ ಕಿಪ್ಪುರ್ ಉಪವಾಸದ ಕೊನೆಗೆ, ಹೊತ್ತು ಮುಳುಗುವಾಗ, ಈ ಮಂದಿರದಲ್ಲಿ ಮಾತ್ರ ಹಾಡುವ ಧಾಟಿ ಅದು. ಯಾವ ಪುಸ್ತಕದಲ್ಲೂ ಇಲ್ಲ. ಹಾಡುತ್ತಿದ್ದ ಹಿರಿಯ ಗಾಯಕರು ತೀರಿಕೊಂಡು ಹನ್ನೆರಡು ವರ್ಷ. ಅಂದಿನಿಂದ ಹಾಡುತ್ತಿರುವ ಮಾಮನೊಬ್ಬರಿಗೇ ಅದು ಪೂರ್ತಿ ಗೊತ್ತು, ಮಾಮನಿಗೋ ಸ್ವರಲಿಪಿ ಬಾರದು. ಹೋದ ಚಳಿಗಾಲ ನ್ಯುಮೋನಿಯಾ ಆಗಿ ಅವರು ಹದಿನೇಳು ದಿನ ಆಸ್ಪತ್ರೆಯಲ್ಲಿದ್ದಾಗ, ಆ ಧಾಟಿಯೂ ಜೊತೆಗೇ ಹೋಯಿತೆಂದು ನಾವೆಲ್ಲ ಹೆದರಿದ್ದೆವು.

"ಹಾಡಿಬಿಡಿ ಮಾಮ, ಫೋನಲ್ಲಿ ಹಿಡ್ಕೊಳ್ತೀನಿ ಅಂದ್ಲು ಇವಳು," ಎಂದು ವೇರಾ ಕಡೆ ಗಲ್ಲ ಎತ್ತುತ್ತಾರೆ ಮಾಮ. "ಅದೇನು ಸಿನಿಮಾ ಹಾಡೇ? ಅದಕ್ಕೆ ವರ್ಷಕ್ಕೆ ಒಂದೇ ದಿನ. ಮಿಕ್ಕ ದಿನ ನನ್ನ ಬಾಯಿಂದ ಬರಲ್ಲ."

ಆ ಒಂದು ದಿನವೋ ಎಲ್ಲ ಕೆಲಸವೂ ನಿಷಿದ್ಧವಾದ ಪವಿತ್ರ ದಿನ, ಬರೆಯುವಂತಿಲ್ಲ, ರೆಕಾರ್ಡು ಮಾಡುವಂತಿಲ್ಲ! ವೇರಾ ಮೂರು ವರ್ಷ ಹೆಂಗಸರ ಸಾಲಿನಲ್ಲಿ ಹಸಿದ ಹೊಟ್ಟೆಯಲ್ಲಿ ನಿಂತು ಕೇಳಿ, ನಕ್ಷತ್ರ ಕಂಡು ಆ ದಿನ ಮುಗಿದ ಕೂಡಲೇ ಮನೆಗೆ ಓಡಿ ಬರೆದುಕೊಂಡಿದ್ದಾರೆ. "ಟ್ರಾಮಲ್ಲಿ ಯಾರಾದ್ರೂ ಮಾತಾಡಿಸಿದ್ರೆ ಮರ್ತೇಹೋಗುತ್ತೆ ಅಂತ ಕಿವಿ ಮುಚ್ಕೊಂಡು ಕೂತಿರ್ತಿದ್ದೆ. ಹುಚ್ಚಿ ಅಂದ್ಕೊಂಡಿರ್ತಾರೆ!"

ವಾದ್ಯದವರು ನುಡಿಸಬಹುದೇ ಎಂದು ಕೇಳಿದ್ದಕ್ಕೆ ಮಾಮ ಹೇಳಿದ್ದು: "ತಂತಿಗೇನು ಉಪವಾಸವೇ? ಯಾವತ್ತು ಬೇಕಾದ್ರೂ ನುಡೀಲಿ." ಹೀಗೆ ಪ್ರತಿ ತಾಲೀಮಿಗೂ ಬಂದು ಕೂರುತ್ತಾರೆ. ತಪ್ಪಿದಲ್ಲಿ ಅಂಗೈಯಿಂದ ಮೇಜು ಬಡಿಯುತ್ತಾರೆ. ಪ್ರಾರ್ಥನೆಯಲ್ಲಿ ಯಾರಾದರೂ ಎಡವಿದರೆ ಇಲ್ಲಿ ಮಾಡುವುದೂ ಅದನ್ನೇ. ಆದರೆ ಸರಿಯಾದದ್ದು ಯಾವುದೆಂದು ಮಾತ್ರ ಹಾಡಿ ತೋರಿಸುವುದಿಲ್ಲ. ಮೇಜು ಸುಮ್ಮನಾಗುವವರೆಗೆ ನಾಲ್ವರೂ ತಡಕಾಡಬೇಕು. ಮೊದಲ ತಾಲೀಮಿನಲ್ಲಿ ನಲವತ್ತೊಂದು ಏಟು, ಎಣಿಸಿದವಳು ನಾನೇ. ಕಳೆದ ಗುರುವಾರ ಮೂರು.

"ಮೊನ್ನೆ ಅಮ್ಮ ಅಡುಗೆಮನೇಲಿ ಮಾಂಸ ಬಡೀತಿದ್ರು," ಎಂದು ನಗುತ್ತಾಳೆ ಚೆಲ್ಲೊ ನುಡಿಸುವ ಕಿಂಗಾ. "ನಾನು ರೂಮಲ್ಲಿ ನುಡಿಸ್ತಿದ್ದವಳು, ಪ್ರತಿ ಏಟಿಗೂ ತಪ್ಪಾಯ್ತು ಅಂತ ಮತ್ತೆ ಮೊದಲಿಂದ ಶುರು ಮಾಡ್ತಿದ್ದೆ!"

ಹತ್ತು ಗಂಟೆಗೆ ಕೊನೆಯ ತಾಲೀಮು. ಹನ್ನೊಂದು ನಿಮಿಷದ ಕೃತಿ. ಏಳು ನಿಮಿಷ ಕಳೆದರೂ ಮೇಜು ಸದ್ದು ಮಾಡಿಲ್ಲ. ಧಾಟಿ ಕೆಳಗಿಳಿಯುವ ಜಾಗ ಬರುತ್ತದೆ.

ಧಡ್!

ಎಲ್ಲರೂ ಮಾಮನ ಕಡೆ ತಿರುಗುತ್ತೇವೆ. ಮಾಮನ ಎರಡೂ ಕೈ ತೊಡೆಯ ಮೇಲಿವೆ. ಪಕ್ಕದ ಕುರ್ಚಿಯನ್ನು ಬಡಿದವಳು ಕಿಂಗಾ. ಮೊದಲ ಪಿಟೀಲು ಒಂದು ಸ್ವರ ಬೇಗ ಇಳಿದುಬಿಟ್ಟಿತ್ತು.

"ಅಯ್ಯೋ, ತಪ್ಪಾಯ್ತು ಮಾಮ," ಅವಳ ಮುಖ ಕೆಂಪೇರಿದೆ. "ಕೈ ತಾನಾಗೇ ಹೋಗ್ಬಿಡ್ತು."

"ತಪ್ಪು ನಿಂದಲ್ಲ, ಪಿಟೀಲಿಂದು. ಸರಿಯಾದ ಜಾಗಕ್ಕೇ ಬಡಿದೆ." ಮಾಮ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸುತ್ತಾರೆ. "ನನ್ನ ಕೈ ಏಳೋಕೆ ಮುಂಚೆನೇ ಇವಳಿಗೆ ಕೇಳಿಸ್ತು, ನೋಡಿದ್ಯಾ?"

ನೋಡಿದೆ. ಚಪ್ಪಾಳೆ ತಟ್ಟಬೇಕೆನಿಸಿತು, ತಟ್ಟಿಯೂ ಬಿಟ್ಟೆ.

ವಾದ್ಯದವರು ಹೋದ ಮೇಲೆ ಮಾಮ ಮತ್ತೆ ಕುರ್ಚಿ ಜೋಡಿಸುತ್ತಿದ್ದಾರೆ. ಭಾನುವಾರ ಮುಂದಿನ ಸಾಲಿನಲ್ಲಿ, ಮೇಜಿನ ಹತ್ತಿರ ಕೂರುತ್ತೀರಿ ತಾನೇ ಎಂದು ಕೇಳುತ್ತೇನೆ.

"ಬೇಡಮ್ಮ, ಕೊನೇ ಸಾಲು ಸಾಕು. ಮೇಜನ್ನ ಆ ಹುಡುಗಿ ನೋಡ್ಕೊಳ್ತಾಳೆ." ಗೋಡೆಯ ಪಕ್ಕದ ಕುರ್ಚಿಯನ್ನು ಎರಡು ಸಲ ಒರೆಸಿ, ಕೂತು ನೋಡುತ್ತಾರೆ. "ಆ ಧಾಟೀನ ಇನ್ನೊಬ್ರಿಂದ ಸರಿಯಾಗಿ ಕೇಳಿ ಹನ್ನೆರಡು ವರ್ಷ ಆಯ್ತು. ಒಂದ್ಸಲ ಸುಮ್ನೆ ಕೂತು ಕೇಳ್ಬೇಕು."