ಒಲೆಯ ಮೇಲಿಟ್ಟ ಸೆಲ್ಫ್ ಮೋಟರ್

ಇಂಜಿನ್ ತಿರುಗಿಸಿ ಗಾಡಿ ಎಬ್ಬಿಸುವ ಸೆಲ್ಫ್ ಮೋಟರಿನ ತಾಮ್ರದ ತಂತಿಗೆ ಬಳಿದ ವಾರ್ನಿಷ್ ಬಿಸಿಗೆ ಸುಡತೊಡಗಿದರೆ ಮೊದಲು ಸಿಹಿಯಾದ ವಾಸನೆ ಬರುತ್ತದೆ, ಆಮೇಲೆ ಗಂಟಲು ಹಿಡಿಯುವ ಕಮಟು. ಮೊನ್ನೆ ನನ್ನ ಅಂಗಡಿಯಲ್ಲಿ ಅದೇ ವಾಸನೆ ಎದ್ದಿತು. ರಿಪೇರಿಗೆ ಬಂದಿದ್ದ ಟೆಂಪೋದವನು ಮೂಗಿಗೆ ಟವೆಲ್ ಹಿಡಿದ. ನನಗೆ ಮಾತ್ರ ಬಲಗೆನ್ನೆ ಉರಿದಂತಾಯಿತು... ಇಪ್ಪತ್ತೈದು ವರ್ಷಗಳ ಹಿಂದೆ ತಿಂದ ಏಟು ಅದು.

ಆಗಲೂ ಗೋಕಾಕದಲ್ಲಿ ನನ್ನದು ಇದೇ ಅಂಗಡಿ. ಗಾಡಿಗಳ ವಾಯರಿಂಗ್, ಡೈನಮೊ, ಸೆಲ್ಫ್ ರಿಪೇರಿ. ಬಾಜೂಕ್ಕೆ ಮಿಸ್ತ್ರಿ ಕಾಕಾನ ಗ್ಯಾರೇಜು ಇತ್ತು. ಕಾಕಾನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ನಟ್ಟು ಬಿಚ್ಚುವ ಪಾನಾ ಕೈಗೆ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದರು. ಸುಳ್ಳು ಹೇಳಿದ ಒಬ್ಬ ಡ್ರೈವರನ ಮೊಣಕಾಲಿಗೆ ಜಾಕಿನ ರಾಡು ಬೀಸಿದ್ದನ್ನು ನಾನೇ ಕಂಡಿದ್ದೇನೆ. ಆದರೂ ಗಿರಾಕಿಗಳು ತಪ್ಪುತ್ತಿರಲಿಲ್ಲ. ಹಾಲು ಕೊಡುವ ಎಮ್ಮೆ ಒದ್ದರೂ ಸಹಿಸಬೇಕಲ್ಲ. ಅವರದೊಂದೇ ಹಟ: ಗಾಡಿಯ ರೋಗ ತಮ್ಮ ಕಣ್ಣೆದುರಿಗೆ ಕಾಣಿಸಿಕೊಳ್ಳುವವರೆಗೆ ಒಂದು ನಟ್ಟನ್ನೂ ಬಿಚ್ಚುತ್ತಿರಲಿಲ್ಲ.

ನನ್ನ ರೀತಿ ಬೇರೆ. ರಿಪೇರಿಯಾದ ಸೆಲ್ಫನ್ನು ಟೇಬಲ್ಲಿಗೆ ಬಿಗಿದು, ಗಿರಾಕಿಯ ಮುಂದೆ ಬ್ಯಾಟರಿಯ ವಾಯರು ತಾಗಿಸಿ, ಕಿಡಿ ಹಾರಿಸಿ ಗಿರ್ರನೆ ತಿರುಗಿಸಿ ತೋರಿಸುತ್ತಿದ್ದೆ. ಗಿರಾಕಿಯ ಮುಖ ಅರಳುತ್ತಿತ್ತು. ನನ್ನದು ಇನ್ನೂ ಹೆಚ್ಚು ಅರಳುತ್ತಿತ್ತು.

ಮೂಡಲಗಿಯ ಕಡೆಯ ಒಬ್ಬ ಲಾರಿ ಮಾಲಕ ಕೊಲ್ಹಾಪುರದಿಂದ ಹಳೆಯ ಅಮೆರಿಕನ್ ಕಾರೊಂದನ್ನು ತಂದಿದ್ದ. ಎಂಟು ಸಿಲಿಂಡರು, ಮಂಚದಷ್ಟು ಉದ್ದದ ಬಾನೆಟ್ಟು. ಕಾಕಾನಿಂದ ಇಂಜಿನ್ ಬಿಚ್ಚಿಸಿ, ದೊಡ್ಡ ಪಿಸ್ಟನ್ ಹಾಕಿಸಿದ. ಸದ್ದು ಸಾಲದೆಂದು ದಪ್ಪ ಸೈಲೆನ್ಸರ್ ಪೈಪು ಬೇಕೆಂದ. ಆ ಪೈಪು ಸೆಲ್ಫಿನಿಂದ ಎರಡೇ ಬೆರಳು ದೂರದಲ್ಲಿ ಹಾಯುತ್ತದೆ, ಬೇಡ ಎಂದು ಕಾಕಾ ಹೇಳಿದರು. ಅವನು ಕೇಳಲಿಲ್ಲ.

ಅಲ್ಲಿಂದ ಶುರುವಾಯಿತು. ತಣ್ಣಗಿದ್ದಾಗ ಒಂದೇ ಸಲಕ್ಕೆ ಎದ್ದು ಗುಡುಗುವ ಗಾಡಿ, ಓಡಿ ಬಂದು ನಿಂತ ಮೇಲೆ ಕೀಲಿ ತಿರುವಿದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ಅರ್ಧ ತಾಸು ತಣಿದರೆ ಮತ್ತೆ ಏಳುತ್ತಿತ್ತು. ಕಾಕಾ ಅದನ್ನು ಘಟಪ್ರಭಾದ ತನಕ ಓಡಿಸಿಕೊಂಡು ಬಂದು, ನಿಲ್ಲಿಸಿ, ಒಂದು ಚಾ ಕುಡಿದು ಕೀಲಿ ತಿರುವಿದರು. ಟಕ್. ನನ್ನ ಅಂಗಡಿಗೆ ನಡೆದು ಬಂದರು.

"ಸೆಲ್ಫಿಂದ ತಪ್ಪ ಐತಿ ತಮ್ಮಾ. ಬಿಸಿಗೆ ಸಾಯಾಕತ್ತೈತಿ."

ಮೂರು ಸಲ ಬಿಚ್ಚಿದೆ. ಮೂರು ಸಲವೂ ನನ್ನ ಟೇಬಲ್ಲಿನ ಮೇಲೆ ಗಿರ್ರನೆ ತಿರುಗಿತು. ತಿರುಗುವುದನ್ನು ಕಣ್ಣಾರೆ ಕಂಡೂ ಹಾಳಾಗಿದೆ ಅನ್ನುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿ. ಮೂರನೆಯ ಸಲ ಮಾತಿಗೆ ಮಾತು ಬೆಳೆದು ಅವರು ಸುತ್ತಿಗೆ ಬೀಸಿದರು, ಬಲ್ಬುಗಳ ಗಾಜಿನ ಕಪಾಟು ಪುಡಿಯಾಯಿತು. ನಾನು ಹಳೆಯ ಫ್ಯಾನ್ ಬೆಲ್ಟ್ ತೆಗೆದುಕೊಂಡು ಅವರ ಕುತ್ತಿಗೆಗೆ ಬಾರಿಸಿದೆ. ಅವರು ನನ್ನ ಕೂದಲು ಹಿಡಿದು ಗೋಡೆಗೆ ಹಣೆ ಜಜ್ಜಿದರು. ಚಾದ ಅಂಗಡಿಯವನು ಬಂದು ಬಿಡಿಸಿದ.

ಮರುದಿನ ಕಾಕಾ ಇಲ್ಲದ ಹೊತ್ತಿಗೆ ಮಾಲಕ ಬಂದ. "ಏನಪಾ, ಖರೆ ಹೇಳು. ಯಾರದು ತಪ್ಪು?" ಎಂದ. ನಾನು ಸೆಲ್ಫ್ ತಿರುಗಿಸಿದೆ. ಅವತ್ತು ಕಿಡಿಯನ್ನು ಸ್ವಲ್ಪ ಜಾಸ್ತಿಯೇ ಹಾರಿಸಿದೆ.

"ಸೆಲ್ಫ್ ಹುಲಿ ಇದ್ದಂಗ ಐತ್ರಿ ಮಾಲಕರ. ಕಾಕಾ ಇಂಜಿನ್ ಬಿಗಿ ಕಟ್ಯಾರ. ಕಾದ ಮ್ಯಾಲ ಹಿಡಕೋತೈತಿ."

ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಹಣೆಯ ಗಾಯ ಇನ್ನೂ ಹಸಿಯಾಗಿತ್ತು, ಅಷ್ಟೇ.

ಎರಡು ದಿನ ಬಿಟ್ಟು ಮಾಲಕ ಅದೇ ಕಾರಿನಲ್ಲಿ ಹುಕ್ಕೇರಿಗೆ ಹೋದ. ಅಲ್ಲೊಂದು ಕಲ್ಲಿನ ಗಣಿಯ ಗಡಿ ಜಗಳ ಇತ್ತಂತೆ. ಬೈಗುಳ ಹೋಗಿ ಬಡಿಗೆಗಳು ಬಂದಾಗ ಓಡಿ ಬಂದು ಕಾರು ಹತ್ತಿ ಕೀಲಿ ತಿರುವಿದ. ಟಕ್. ಮತ್ತೆ ತಿರುವಿದ. ಟಕ್. ಎದುರಿನವರು ಗಾಜು ಒಡೆದು, ಕಿಟಕಿಯಿಂದಲೇ ಹೊರಗೆ ಎಳೆದು, ತಲೆ ಒಡೆಯುವಂತೆ ಹೊಡೆದು ಬಿಟ್ಟು ಹೋದರು.

ಅದಾದ ನಾಲ್ಕನೆಯ ದಿನ ಮಾಲಕ ತಲೆಗೆ ಪಟ್ಟಿ ಸುತ್ತಿಕೊಂಡು ಮೂವರು ಆಳುಗಳ ಜೊತೆ ಗ್ಯಾರೇಜಿಗೆ ಬಂದ. ಆ ಕಾರನ್ನೂ ಲಾರಿಗೆ ಕಟ್ಟಿ ಎಳೆಸಿಕೊಂಡು ತಂದಿದ್ದ. ಆಳುಗಳು ಕಾಕಾನನ್ನು ಹಿಡಿದು ಬಲಗೈಯನ್ನು ತೆರೆದ ಬಾನೆಟ್ಟಿನ ಕೆಳಗಿನ ಅಂಚಿಗೆ ಒತ್ತಿದರು. ಮಾಲಕ ಬಾನೆಟ್ಟನ್ನು ಮೇಲಿಂದ ಜೋರಾಗಿ ಕೆಡವಿದ. ಎತ್ತಿದ, ಮತ್ತೆ ಕೆಡವಿದ. "ಇಂಜಿನ್ ಬಿಗಿ ಕಟ್ಟತೀ ಏನಲೇ? ಕಟ್ಟು ಇನ್ನ," ಎನ್ನುತ್ತಿದ್ದ. ನನ್ನದೇ ಮಾತು ಅವನ ಬಾಯಲ್ಲಿತ್ತು. ಕಾಕಾ ನನ್ನನ್ನೇ ನೋಡುತ್ತಿದ್ದರು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ನನ್ನ ಅಂಗಡಿಯ ಕೌಂಟರಿನ ಹಿಂದೆ ನಿಂತೇ ಇದ್ದೆ. 'ನಾನು ಸುಮ್ಮನೆ ಅಂದೆ' ಎಂಬ ಮೂರು ಶಬ್ದ ನನ್ನ ಬಾಯಿಂದ ಬರಲಿಲ್ಲ. ಹೋಗುವಾಗ ಮಾಲಕ ಗಾಡಿಯನ್ನು ನನ್ನ ಅಂಗಡಿಯ ಮುಂದೆ ಬಿಟ್ಟು, ನೀನೇ ನೋಡು ಎಂದು ಹೇಳಿ ಹೋದ.

ಹದಿನೈದು ದಿನಗಳಾದ ಮೇಲೆ ಕಾಕಾ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. "ಆ ಸೆಲ್ಫ್ ಬಿಚ್ಚು" ಎಂದರು. ಬಿಚ್ಚಿದೆ. ಅದನ್ನು ಎಡಗೈಯಲ್ಲೇ ಬಗಲಿಗೆ ಅವಚಿಕೊಂಡು ಚಾದ ಅಂಗಡಿಗೆ ಹೋಗಿ, ಒಲೆಯ ಮೇಲೆ ಕಾದಿದ್ದ ಖಾಲಿ ತವೆಗೆ ಇಟ್ಟರು. ಸ್ವಲ್ಪ ಹೊತ್ತಿಗೆ ವಾರ್ನಿಷಿನ ವಾಸನೆ ಎದ್ದಿತು... ಗೋಣಿತಟ್ಟಿನಲ್ಲಿ ಹಿಡಿದು ತಂದು ನನ್ನ ಟೇಬಲ್ಲಿನ ಮೇಲೆ ಕುಕ್ಕಿದರು.

"ಈಗ ಹಚ್ಚು ಬ್ಯಾಟರಿ."

ಹಚ್ಚಿದೆ. ಟಕ್. ಮತ್ತೆ ಹಚ್ಚಿದೆ. ಟಕ್.

ತಲೆ ಎತ್ತುವಷ್ಟರಲ್ಲಿ ಅವರ ಎಡಗೈ ನನ್ನ ಕೆನ್ನೆಗೆ ಬಿತ್ತು. ತುಟಿ ಒಡೆದು ಟೇಬಲ್ಲಿನ ಮೇಲೆ ರಕ್ತ ತೊಟ್ಟಿಕ್ಕಿತು. "ಬಲಗೈ ಇದ್ದಿದ್ದರ ಹಲ್ಲ ಆರಿಸ್ಕೋತಿದ್ದಿ," ಎಂದು ಹೇಳಿ ಸ್ಟೂಲಿನ ಮೇಲೆ ಕೂತು ಏದುಸಿರು ಬಿಟ್ಟರು. ನಾನು ಅತ್ತೆ. ಈಗಲೇ ಮೂಡಲಗಿಗೆ ಹೋಗಿ ಮಾಲಕನಿಗೆ ಹೇಳುತ್ತೇನೆ ಎಂದೆ.

"ಹೇಳಿದರ ನನ್ನ ಕೈಬೆರಳ ನೆಟ್ಟಗ ಆಗ್ತಾವೇನು? ನಿನ್ನ ಕೈನೂ ಬಾನೆಟ್ಟಿನಾಗ ಇಡತಾನ ಅಂವಾ. ಕಾಯಿಲ್ ಹೊಸಾದು ಕಟ್ಟು. ಪೈಪಿಗೂ ಸೆಲ್ಫಿಗೂ ನಡುವ ತಗಡ ಹಾಕು. ಕಾಸಿ ನೋಡಿ ಕೊಡು."

ಹಾಗೇ ಮಾಡಿದೆ. ಗಾಡಿ ಎಷ್ಟು ಕಾದರೂ ಒಂದೇ ಸಲಕ್ಕೆ ಏಳತೊಡಗಿತು. ಮಾಲಕ ಬಂದು ನನ್ನ ಬೆನ್ನು ಚಪ್ಪರಿಸಿದ. "ಆ ಮಿಸ್ತ್ರಿ ಕೈ ತಗದ ಮ್ಯಾಲ ಗಾಡಿ ಸುದ್ದ ಆತು ನೋಡು," ಎಂದು ನಕ್ಕ. ನಾನೂ ನಕ್ಕೆ. ಆ ನಗೆಗೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಕೆಯಿದೆ.

ಬೆರಳುಗಳು ಮಡಚದ ಕೈಯಿಂದ ಪಾನಾ ಹಿಡಿಯಲಾಗದೆ ಕಾಕಾ ಗ್ಯಾರೇಜು ಮುಚ್ಚಿ ತಮ್ಮೂರು ಕುಲಗೋಡಕ್ಕೆ ಹೋದರು. ಎರಡು ಎಮ್ಮೆ ಕಟ್ಟಿಕೊಂಡಿದ್ದಾರೆ, ಹೆಂಡತಿಯೇ ಹಿಂಡಬೇಕು ಎಂದು ಯಾರೋ ಹೇಳಿದರು. ಕುಲಗೋಡದ ಬಸ್ಸು ದಿನಾ ನನ್ನ ಅಂಗಡಿಯ ಮುಂದೆಯೇ ಹಾಯುತ್ತದೆ. ಹತ್ತಿದರೆ ಆಗುತ್ತಿತ್ತು... ಹತ್ತಲಿಲ್ಲ. ಅವರು ತೀರಿಕೊಂಡ ಸುದ್ದಿ ಮಣ್ಣು ಮಾಡಿ ವಾರವಾದ ಮೇಲೆ ಬಂತು. ಅವತ್ತೂ ಬಸ್ಸು ಹಾಯಿತು.

ಮೊನ್ನೆ ನಾನು ಸೆಲ್ಫನ್ನು ಒಲೆಯಿಂದ ಇಳಿಸಿದಾಗ ಟೆಂಪೋದವನಿಗೆ ತಡೆಯಲಾಗಲಿಲ್ಲ. "ಏನ್ರಿ ಇದು, ಸೆಲ್ಫ್ ಯಾರರ ಒಲಿ ಮ್ಯಾಲ ಇಡತಾರೇನ್ರಿ? ಯಾರ ಕಲಿಸ್ಯಾರ ನಿಮಗ?"

"ಬಾಜೂ ಗ್ಯಾರೇಜಿನ ಮಿಸ್ತ್ರಿ ಕಾಕಾ," ಎಂದೆ.

ಅವನು ಹೊರಗೆ ಇಣುಕಿ ನೋಡಿದ. ಬಾಜೂಕ್ಕೆ ಮೊಬೈಲಿನ ಅಂಗಡಿಯಿದೆ. "ಗ್ಯಾರೇಜ್ ಎಲ್ಲೈತ್ರಿ ಇಲ್ಲೆ?"

ಬಿಸಿ ಸೆಲ್ಫಿಗೆ ಬ್ಯಾಟರಿ ತಾಗಿಸಿದೆ. ಗಿರ್ರನೆ ತಿರುಗಿತು.

"ಮುಚ್ಚೇತಿ," ಎಂದೆ. "ನಾನ ಮುಚ್ಚಿಸೀನಿ."