ಭಾವನ ಸರದಿ

ಹರಿಹರದ ಹೊರಗೆ ಸರಕು ಸಾಗಿಸುವ ಬ್ಯಾಟರಿ ಆಟೋ ತಯಾರಿಸುವ ಕಾರ್ಖಾನೆಯೊಂದುಂಟು. ಅಲ್ಲಿ ನೇತ್ರಾವತಿಯ ಕೆಲಸವೆಂದರೆ ಜನರನ್ನು ಕೂಡಿಸುವುದು. ಹೊಸ ಗಾಡಿಯ ನಕ್ಷೆ ಬಂತೆಂದರೆ ಡಿಸೈನಿನವರು, ಖರೀದಿಯವರು, ಅಸೆಂಬ್ಲಿಯವರು, ಸರ್ವೀಸಿನವರು ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಒಬ್ಬೊಬ್ಬರ ಬಾಯಿಂದಲೂ ತಕರಾರು ಹೊರಡಿಸಬೇಕು. ಸುಮ್ಮನೆ ಕೂತವರನ್ನು ಬಿಡುವವಳೇ ಅಲ್ಲ.

"ಪೊಲೀಸ್ ಸ್ಟೇಷನ್ನಾಗೂ ಇಷ್ಟು ಕೇಳಂಗಿಲ್ಲ ಬಿಡ್ರಿ ಮೇಡಂ" ಎಂದು ಡಿಸೈನಿನ ಅಮ್ಜದ್ ಛೇಡಿಸುತ್ತಿದ್ದ.

ಒಬ್ಬನನ್ನು ಮಾತ್ರ ಬಿಡುತ್ತಿದ್ದಳು. ಗಾಡಿ ಜೋಡಿಸುವ ಅಸೆಂಬ್ಲಿ ವಿಭಾಗದ ಮುಖ್ಯಸ್ಥ ನಿಂಗರಾಜು ಅವಳ ಗಂಡನ ಅಣ್ಣ. ಈ ಕೆಲಸ ಕೊಡಿಸಿದವನೂ ಅವನೇ. ದೇವರಾಜ ಅರಸು ಬಡಾವಣೆಯಲ್ಲಿ ಎಲ್ಲರದೂ ಒಂದೇ ಮನೆ. ಆದರೂ ಮದುವೆಯಾದಂದಿನಿಂದ ಅವಳು ಭಾವನೆದುರು ನಿಂತು ಮಾತಾಡಿದವಳಲ್ಲ. ಹೇಳುವುದೇನಿದ್ದರೂ ಅತ್ತೆ ಕರಿಯವ್ವನ ಮೂಲಕ. ಸಭೆಯಲ್ಲೂ ಅವನ ಸರದಿ ಬಂದಾಗ ಕಾಗದದ ಮೇಲೆ ಕಣ್ಣಿಟ್ಟು, "ಅಸೆಂಬ್ಲಿ ಕಡೆಯಿಂದ ಏನಿಲ್ಲ ಅಲ್ರೀ?" ಎಂದು ತಾನೇ ಉತ್ತರ ಹೇಳಿ ಮುಂದೆ ಹೋಗಿಬಿಡುತ್ತಿದ್ದಳು. ಮನೆಯ ಸೊಸೆಯ ಮಾತಿಗೆ ಮಂದಿಯೆದುರು ಅಡ್ಡ ಬರುವುದು ಹೇಗೆಂದೋ ಏನೋ, ಅವನೂ ಸುಮ್ಮನಿರುತ್ತಿದ್ದ.

ಹೊಸ ಮಾದರಿಯೂ ಹೀಗೆಯೇ ಪಾಸಾಯಿತು. ದಾವಣಗೆರೆ ರಸ್ತೆಯಲ್ಲಿ ಓಡಿಸಿ ನೋಡುವಾಗ ಬ್ರೇಕಿನ ಬೋಲ್ಟು ಸಡಿಲಾಗಿ ಗಾಡಿ ಮೋರಿಯ ಕಟ್ಟೆಗೆ ಗುದ್ದಿತು. ಓಡಿಸುತ್ತಿದ್ದ ಜಮಾಲ್ ಸಾಬರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಮತ್ತೆ ಸಭೆ. "ನಕ್ಷೆ ಸರಿ ಐತೆ. ಬಿಗಿ ಮಾಡಿದವಂದೇ ತಪ್ಪು" ಎಂದ ಅಮ್ಜದ್. ಅಷ್ಟಕ್ಕೇ ಒಪ್ಪಿ ಎದ್ದರೆ ಬೋಲ್ಟು ಹಾಕಿದ ಕೆಲಸಗಾರ ಬೀದಿಗೆ, ಗಾಡಿ ಹಾಗೆಯೇ ರಸ್ತೆಗೆ. ನೇತ್ರಾವತಿ ಕಾಗದ ಪಕ್ಕಕ್ಕಿಟ್ಟಳು. ತಲೆಯೆತ್ತಿ ಭಾವನ ಮುಖವನ್ನೇ ನೋಡಿದಳು.

"ಆ ಬೋಲ್ಟಿಗೆ ಸ್ಪ್ಯಾನರ್ ಹೋಗ್ತೈತೇನ್ರಿ? ನೀವೇ ಹೇಳ್ರಿ."

ನಿಂಗರಾಜು ನಕ್ಷೆಯ ಮೇಲೆ ಬೆರಳಿಟ್ಟ. "ಇಲ್ಲ. ಸೀಟಿನ ಚೌಕಟ್ಟು ಅಡ್ಡ ಬರ್ತೈತೆ. ಅಂದಾಜಿನ ಮ್ಯಾಲೆ ಬಿಗಿ ಮಾಡ್ತಾರೆ."

"ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತು ಯಾಕ ಹೇಳ್ಲಿಲ್ಲ?"

"ನೀ ಕೇಳಿದ್ದೆಲ್ಲಿ, ತಾಯಿ?"

ನಕ್ಷೆ ತಿದ್ದುಪಡಿಗೆ ವಾಪಸ್ ಹೋಯಿತು.

ಸಂಜೆ ಕರಿಯವ್ವ ಬಾಗಿಲಲ್ಲೇ ನಿಂತಿದ್ದಳು. "ಮಂದಿ ಮುಂದೆ ಭಾವನ್ನ ಕಟಕಟೆಗೆ ನಿಲ್ಸಿದ್ಯಂತೆ. ಕೆಲಸ ಕೊಡ್ಸಿದ್ದಕ್ಕ ಚಲೋ ಮಾಡ್ದೆ ಬಿಡು."

"ಸಾಬರ ಕಾಲು ಹೋತಲ್ಲ, ಅತ್ತೆ."

"ನೀ ಈಗ ಕೇಳಿದ್ರೆ ಬರ್ತೈತಾ ಅದು?"

ನೇತ್ರಾವತಿ ಒಳಗೆ ಹೋಗಿ ರೊಟ್ಟಿ ತಟ್ಟಲು ಕೂತಳು. ಅಂದು ಅವಳು ಬಡಿಸಿದ ರೊಟ್ಟಿಯನ್ನು ನಿಂಗರಾಜು ಮುಟ್ಟಲಿಲ್ಲ. ಮರುದಿನವೂ ಅಷ್ಟೆ.

ತಿದ್ದಿದ ನಕ್ಷೆ ಬಂದಾಗ ಅವಳು ಮೊದಲು ಅವನನ್ನೇ ಕೇಳಿದಳು. ಅವನು ಒಂದನ್ನೂ ಬಿಡದೆ ತಕರಾರು ಹೇಳಿದ, ಅವಳು ಬರೆದುಕೊಂಡಳು. ಸಭೆ ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿದು ಅದೇ ಮನೆಗೆ ಹೋದರು.